ಟಿಬಿ ಮಾತ್ರೆ ನಡೆಯುತ್ತಿರುವಾಗ ಕಫದಲ್ಲಿ ಬೇರೆ ಬ್ಯಾಕ್ಟೀರಿಯಾ ಕಂಡರೆ

ಪ್ರಶ್ನೆ: ನಮ್ಮ ಯಜಮಾನರಿಗೆ 47 ವರ್ಷ, ರೇಷ್ಮೆ ರೀಲಿಂಗ್ ಘಟಕದಲ್ಲಿ ಕೆಲಸ. ನಾಲ್ಕು ತಿಂಗಳ ಹಿಂದೆ ತಾಲ್ಲೂಕು ಆಸ್ಪತ್ರೆಯಲ್ಲಿ ಟ್ರೂನಾಟ್ ಎಂಬ ಜೀನ್ ಪರೀಕ್ಷೆ ಮಾಡಿ ಶ್ವಾಸಕೋಶದ ಟಿಬಿ ಎಂದರು. ಅಂದಿನಿಂದ ದಿನಕ್ಕೆ ಮೂರು ಮಾತ್ರೆ, ಒಂದು ದಿನವೂ ತಪ್ಪಿಸಿಲ್ಲ. ತೂಕ 44 ಕೆ.ಜಿ.ಯಿಂದ 48ಕ್ಕೆ ಬಂದಿದೆ, ಎರಡನೇ ತಿಂಗಳ ಕೊನೆಯ ಕಫ ಪರೀಕ್ಷೆ ನೆಗೆಟಿವ್. ಆದರೆ ಹದಿನೈದು ದಿನಗಳಿಂದ ಬೆಳಿಗ್ಗೆ ಎದ್ದೊಡನೆ ಹಳದಿ ಕಫ ಬರುತ್ತಿದೆ. ಜ್ವರವಿಲ್ಲ. ಬೆಳಿಗ್ಗೆ ಆರಕ್ಕೆ ಕಫ ಹಿಡಿದು, ಬಸ್ಸಿನಲ್ಲಿ ಜಿಲ್ಲಾ ಕೇಂದ್ರದ ಖಾಸಗಿ ಲ್ಯಾಬಿಗೆ ಹನ್ನೊಂದೂವರೆಗೆ ಮುಟ್ಟಿಸಿ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದೆವು. ‘ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ, ಅಲ್ಪ ಬೆಳವಣಿಗೆ’ ಎಂದು ವರದಿ ಬಂದಿದೆ (ಪ್ರತಿ ಕಳಿಸಿದ್ದೇನೆ). ನನ್ನ ನಾದಿನಿಯ ಗಂಡ ಮೆಡಿಕಲ್ ಶಾಪ್ ಇಟ್ಟಿದ್ದಾರೆ. ‘ಟಿಬಿ ಮಾತ್ರೆ ಒಳಗಿದ್ದ ಒಳ್ಳೆಯ ಬ್ಯಾಕ್ಟೀರಿಯಾವನ್ನೆಲ್ಲ ಕೊಂದಿದೆ, ಆ ಜಾಗಕ್ಕೆ ಕೆಟ್ಟದ್ದು ಬಂದು ಕೂತಿದೆ, ಹತ್ತು ದಿನ ಆ ಮಾತ್ರೆ ನಿಲ್ಲಿಸಿ, ಲಿವೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೊಡಿ, ಜೊತೆಗೆ ಪ್ರೊಬಯಾಟಿಕ್ ಇರಲಿ’ ಎನ್ನುತ್ತಾರೆ. ಟಿಬಿಯೇ ಬೇರೆ ರೋಗವಾಗಿ ತಿರುಗಿದೆಯೆ? ಮಾತ್ರೆ ನಿಲ್ಲಿಸಬೇಕೆ?

ಉತ್ತರ: ಮೊದಲು ತುರ್ತಿನ ಮಾತು. ಟಿಬಿ ಮಾತ್ರೆಯನ್ನು ಒಂದು ದಿನಕ್ಕೂ ನಿಲ್ಲಿಸಬೇಡಿ, ಲಿವೊಫ್ಲಾಕ್ಸಾಸಿನ್ ಚೀಟಿಯನ್ನು ಸದ್ಯಕ್ಕೆ ಬದಿಗಿಡಿ. ಟಿಬಿ ಬೇರೆ ರೋಗವಾಗಿ ತಿರುಗುವುದಿಲ್ಲ. ಕ್ಲೆಬ್ಸಿಯೆಲ್ಲಾ ಎಂಬುದು ಅದಕ್ಕೆ ಯಾವ ನಂಟೂ ಇಲ್ಲದ ಇನ್ನೊಂದು ಬ್ಯಾಕ್ಟೀರಿಯಾ. ಅದರ ಹೆಸರಿನ ಬಾಲದಲ್ಲಿರುವ ‘ನ್ಯುಮೋನಿಯೆ’ಯನ್ನು ನೋಡಿ ನ್ಯುಮೋನಿಯಾ ಆಗಿದೆ ಎಂದು ಹೆದರಿ ಬರುವವರು ನನ್ನ ಹೊರರೋಗಿ ವಿಭಾಗದಲ್ಲಿ ತಿಂಗಳಿಗೆ ಒಬ್ಬರಾದರೂ ಇರುತ್ತಾರೆ. ಅದು ಆ ಜೀವಾಣುವಿನ ಹೆಸರೇ ಹೊರತು ನಿಮ್ಮ ಯಜಮಾನರ ರೋಗದ ಹೆಸರಲ್ಲ.

ನಿಮ್ಮ ಬಂಧುವಿನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅದರಲ್ಲಿ ಒಂದು ಪಾಲು ನಿಜವಿದೆ. ಆ ಪಾಲನ್ನು ಉಳಿದದ್ದರಿಂದ ಬಿಡಿಸಿಕೊಳ್ಳೋಣ.

ನಾವು ವೈದ್ಯಕೀಯ ಓದುತ್ತಿದ್ದ ಕಾಲದಲ್ಲಿ ಆರೋಗ್ಯವಂತರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾವೇ ಇರುವುದಿಲ್ಲ ಎಂದು ಕಲಿತಿದ್ದೆವು. ತಟ್ಟೆಯಲ್ಲಿ ಬೆಳೆಸಿ ನೋಡುವ ಹಳೆಯ ವಿಧಾನದ ಬದಲು ಜೀನುಗಳನ್ನು ಓದಿ ಗುರುತಿಸುವ ವಿಧಾನ ಬಂದ ಮೇಲೆ, ಅಂದರೆ ಸುಮಾರು 2010ರಿಂದ ಈಚೆಗೆ, ಆ ಪಾಠ ಬದಲಾಯಿತು. ಒಂದು ಮಿಲಿಲೀಟರ್ ಜೊಲ್ಲಿನಲ್ಲಿ ಸುಮಾರು ಹತ್ತು ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ನಿದ್ದೆಯಲ್ಲಿ ನಮ್ಮೆಲ್ಲರ ಜೊಲ್ಲೂ ಹನಿಯಷ್ಟು ಶ್ವಾಸನಾಳಕ್ಕೆ ಇಳಿಯುತ್ತದೆ. ಅದರೊಂದಿಗೆ ಸ್ಟ್ರೆಪ್ಟೊಕಾಕಸ್, ಪ್ರಿವೊಟೆಲ್ಲಾ, ವೈಲ್ಲೊನೆಲ್ಲಾ ಮುಂತಾದ ಬಾಯಿಯ ನಿವಾಸಿಗಳೂ ಇಳಿಯುತ್ತವೆ. ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಲೋಳೆಯನ್ನು ಹಗಲೂ ರಾತ್ರಿ ಮೇಲಕ್ಕೆ ತಳ್ಳುತ್ತ ಅವನ್ನು ಹೊರಹಾಕುತ್ತಿರುತ್ತವೆ. ಆದ್ದರಿಂದ ಕೆಳಗಿನ ಶ್ವಾಸನಾಳದ ಬ್ಯಾಕ್ಟೀರಿಯಾಗಳನ್ನು ಕಾಯಂ ಒಕ್ಕಲುಗಳೆನ್ನುವುದಕ್ಕಿಂತ ಬಂದು ಹೋಗುವ ನೆಂಟರೆನ್ನುವುದು ಸರಿ. ಕರುಳಿನದು ಹಾಗಲ್ಲ, ಅಲ್ಲಿರುವುದು ತಲೆಮಾರುಗಳಿಂದ ನೆಲೆನಿಂತ ದೊಡ್ಡ ಊರು. ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂದು ಜನ ಮಾತನಾಡುವಾಗ ಮನಸ್ಸಿನಲ್ಲಿರುವುದು ಕರುಳು. ಅದೇ ಲೆಕ್ಕವನ್ನು ಎದೆಗೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ಈಗ ಮಾತ್ರೆಗಳ ವಿಷಯ. ಮೊದಲ ಎರಡು ತಿಂಗಳು ನಿಮ್ಮ ಯಜಮಾನರು ನುಂಗಿದ ಒಂದೊಂದು ಮಾತ್ರೆಯಲ್ಲೂ ನಾಲ್ಕು ಔಷಧಗಳಿದ್ದವು: ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್. ಈಗಿನ ಮಾತ್ರೆಯಲ್ಲಿ ಪೈರಜಿನಮೈಡ್ ಬಿಟ್ಟು ಉಳಿದ ಮೂರಿವೆ. ಈ ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕಿ ‘ಆ್ಯಂಟಿಬಯಾಟಿಕ್’ ಎಂದುಬಿಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಐಸೊನಿಯಾಜಿಡ್ ಕೆಡವುವುದು ಟಿಬಿ ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿರುವ ಮೇಣದಂಥ ಮೈಕೋಲಿಕ್ ಆಮ್ಲದ ತಯಾರಿಕೆಯನ್ನು. ಗಂಟಲಿನ ಸ್ಟ್ರೆಪ್ಟೊಕಾಕಸ್ಸಿಗೆ ಅಂಥ ಗೋಡೆಯೇ ಇಲ್ಲ, ಹಾಗಾಗಿ ಈ ಔಷಧ ಅದರ ಪಕ್ಕದಲ್ಲೇ ಹಾದುಹೋದರೂ ಅದಕ್ಕೆ ಏನೂ ಆಗುವುದಿಲ್ಲ. ಎಥಾಂಬುಟಾಲ್ ಕೂಡ ಅದೇ ಗೋಡೆಯ ಇನ್ನೊಂದು ಭಾಗದ ಮೇಲೆ ಕೆಲಸ ಮಾಡುತ್ತದೆ. ಪೈರಜಿನಮೈಡ್ ಎಷ್ಟು ಆಯ್ದು ಹೊಡೆಯುತ್ತದೆಂದರೆ, ಟಿಬಿಯ ಹತ್ತಿರದ ದಾಯಾದಿಯಾದ ದನದ ಕ್ಷಯದ ಬ್ಯಾಕ್ಟೀರಿಯಾಕ್ಕೂ ಅದು ನಾಟುವುದಿಲ್ಲ. ಅಂದರೆ ನಾಲ್ಕರಲ್ಲಿ ಮೂರು ಔಷಧಗಳಿಗೆ ಶ್ವಾಸನಾಳದ ಉಳಿದ ಜೀವಾಣುಗಳ ಗೊಡವೆಯೇ ಇಲ್ಲ.

ಉಳಿದದ್ದು ರಿಫಾಂಪಿಸಿನ್. ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಔಷಧ ಇದೇ (ಅದನ್ನು ಉಷ್ಣವೆಂದು ತಿಳಿದು ಎಳನೀರು ಕುಡಿಯುವವರು ಕುಡಿಯಲಿ, ತೊಂದರೆಯಿಲ್ಲ, ಬಣ್ಣ ಮಾತ್ರ ಹೋಗದು). ಇದು ಬ್ಯಾಕ್ಟೀರಿಯಾಗಳು ತಮ್ಮ ಜೀನುಗಳಿಂದ ಆರ್‌ಎನ್‌ಎ ಪ್ರತಿ ಮಾಡಿಕೊಳ್ಳಲು ಬಳಸುವ ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವುದರಿಂದ ಇದರ ಏಟು ಅಗಲವಾದದ್ದು. ಸ್ಟ್ರೆಪ್ಟೊಕಾಕಸ್, ಸ್ಟೆಫೈಲೊಕಾಕಸ್, ನೈಸೀರಿಯಾ, ಹೀಮೊಫಿಲಸ್ ಎಲ್ಲವಕ್ಕೂ ತಾಗುತ್ತದೆ. ಮೆನಿಂಗೊಕಾಕಸ್ ಎಂಬ ಮೆದುಳುಪೊರೆಯ ಜ್ವರದ ಬ್ಯಾಕ್ಟೀರಿಯಾ ಮನೆಯವರ ಗಂಟಲಿನಲ್ಲಿ ಅಡಗಿರಬಹುದಾದಾಗ, ವಯಸ್ಕರಿಗೆ 600 ಮಿ.ಗ್ರಾಂ. ರಿಫಾಂಪಿಸಿನ್ ಅನ್ನು ದಿನಕ್ಕೆರಡು ಸಲ ಎರಡೇ ದಿನ ಕೊಟ್ಟು ಅದನ್ನು ತೊಡೆಯುವ ಪದ್ಧತಿ ಬಹುಕಾಲದಿಂದ ಇದೆ. ನಾಲ್ಕೇ ಡೋಸು ಗಂಟಲನ್ನು ಅಷ್ಟು ಬದಲಿಸಬಲ್ಲುದಾದರೆ, ದಿನಕ್ಕೆ 450 ಮಿ.ಗ್ರಾಂ. ಲೆಕ್ಕದಲ್ಲಿ (ಮೂರು ಮಾತ್ರೆಗಳಲ್ಲಿರುವುದು ಅಷ್ಟು) ನಾಲ್ಕು ತಿಂಗಳು ನುಂಗಿದವರ ಗಂಟಲು ಮೊದಲಿನಂತೆಯೇ ಇರುತ್ತದೆ ಎನ್ನುವುದು ಸುಳ್ಳಾಗುತ್ತದೆ. ನಿಮ್ಮ ಬಂಧುವಿನ ಮಾತಿನ ನಿಜದ ಪಾಲು ಇಲ್ಲಿದೆ.

ಆದರೆ ಬದಲಾಗುವುದೆಂದರೆ ಖಾಲಿಯಾಗುವುದು ಎಂದಲ್ಲ. ರಿಫಾಂಪಿಸಿನ್ ಅನ್ನು ಒಂದೇ ಔಷಧವಾಗಿ ಕೊಟ್ಟರೆ, ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ನಡುವೆ ಮೊದಲೇ ಇರುವ ಒಂದೋ ಎರಡೋ ನಿರೋಧಕ (ಔಷಧಕ್ಕೆ ಬಗ್ಗದ) ಜೀವಾಣುಗಳು ಬದುಕಿ, ಬಹುಬೇಗ ಸಂತಾನ ಬೆಳೆಸುತ್ತವೆ. ಆ ಕಾರಣಕ್ಕಾಗಿಯೇ ಟಿಬಿಯಲ್ಲಿ ಮೂರು ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುತ್ತೇವೆ. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದರ ಕೈಗೆ ಸಿಗುತ್ತದೆ. ಗಂಟಲಿನ ಸ್ಟೆಫೈಲೊಕಾಕಸ್ಸಿನ ದೃಷ್ಟಿಯಿಂದ ನೋಡಿ: ಉಳಿದ ಮೂರು ಅದಕ್ಕೆ ಲೆಕ್ಕಕ್ಕೇ ಇಲ್ಲ, ಅದು ಎದುರಿಸುತ್ತಿರುವುದು ರಿಫಾಂಪಿಸಿನ್ ಒಂದನ್ನೇ. ಹೀಗಾಗಿ ಟಿಬಿ ಚಿಕಿತ್ಸೆಯಲ್ಲಿರುವವರ ಮೂಗು ಮತ್ತು ಚರ್ಮದಲ್ಲಿ ರಿಫಾಂಪಿಸಿನ್‌ಗೆ ಬಗ್ಗದ ಸ್ಟೆಫೈಲೊಕಾಕಸ್‌ಗಳು ಕಾಣಿಸಿಕೊಳ್ಳುವುದು ಆಶ್ಚರ್ಯದ ಸಂಗತಿಯಲ್ಲ. ಸಾಮಾನ್ಯ ನೆಗಡಿ ಕೆಮ್ಮಿಗೆ ಯಾರೂ ರಿಫಾಂಪಿಸಿನ್ ಕೊಡುವುದಿಲ್ಲವಾದ್ದರಿಂದ ದಿನನಿತ್ಯದ ಬದುಕಿನಲ್ಲಿ ಇದು ತೊಡಕಾಗದು. ಮುಂದೆಂದಾದರೂ ಕೃತಕ ಮಂಡಿ ಅಥವಾ ಹೃದಯದ ಕವಾಟಕ್ಕೆ ಸೋಂಕು ತಗುಲಿ ಸ್ಟೆಫೈಲೊಕಾಕಸ್ ಪತ್ತೆಯಾದರೆ ಮಾತ್ರ, ಹಿಂದೆ ಟಿಬಿ ಚಿಕಿತ್ಸೆ ಆಗಿತ್ತೆಂದು ಆ ವೈದ್ಯರಿಗೆ ಹೇಳಬೇಕು.

ಕ್ಲೆಬ್ಸಿಯೆಲ್ಲಾ ಈ ಚಿತ್ರದಲ್ಲಿ ಎಲ್ಲಿ ಬರುತ್ತದೆ? ಅದರ ಹೊರಪೊರೆಯನ್ನು ದಾಟಿ ಒಳಹೋಗುವುದು ರಿಫಾಂಪಿಸಿನ್‌ಗೆ ಕಷ್ಟ. ಆದ್ದರಿಂದ ಗಂಟಲಿನ ಸ್ಟ್ರೆಪ್ಟೊಕಾಕಸ್‌ಗಳು ಸ್ವಲ್ಪ ಹಿಂದೆ ಸರಿದಾಗ ಇಂಥವು ತುಸು ಮುಂದೆ ಬರಬಹುದು. ಜೊತೆಗೆ ಸಕ್ಕರೆ ಕಾಯಿಲೆ, ಮದ್ಯಪಾನ, ದೀರ್ಘ ಅನಾರೋಗ್ಯ ಇರುವವರ ಗಂಟಲಿನಲ್ಲಿ ಟಿಬಿ ಮಾತ್ರೆಯಿಲ್ಲದೆಯೂ ಇದು ಸಿಗುತ್ತದೆ. ನೀವು ಸಕ್ಕರೆಯ ಬಗ್ಗೆ ಏನೂ ಬರೆದಿಲ್ಲ. ಟಿಬಿ ಪತ್ತೆಯಾದ ಪ್ರತಿಯೊಬ್ಬರಿಗೂ ಅದನ್ನು ನೋಡುವ ನಿಯಮವಿದೆ, ನೋಡಿರದಿದ್ದರೆ ಈ ವಾರವೇ ನೋಡಿಸಿ.

ನಿಮ್ಮ ವರದಿಯ ಮಟ್ಟಿಗೆ ನನ್ನ ಕಣ್ಣು ನಿಂತದ್ದು ಬ್ಯಾಕ್ಟೀರಿಯಾದ ಹೆಸರಿನ ಮೇಲಲ್ಲ, ಅದರ ಮೇಲಿನ ಎರಡು ಸಣ್ಣ ಸಾಲುಗಳ ಮೇಲೆ. ‘ಎಪಿಥೀಲಿಯಲ್ ಕೋಶಗಳು: ಹೇರಳ, ಕೀವು ಕಣಗಳು: 6–8’ ಎಂದಿದೆ. ಎಪಿಥೀಲಿಯಲ್ ಕೋಶಗಳು ಬಾಯಿಯ ಒಳಚರ್ಮದಿಂದ ಉದುರುವಂಥವು. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಅವು ಹತ್ತಕ್ಕಿಂತ ಕಡಿಮೆಯಿದ್ದು, ಕೀವು ಕಣಗಳು ಇಪ್ಪತ್ತೈದಕ್ಕಿಂತ ಹೆಚ್ಚಿದ್ದರೆ ಆ ಮಾದರಿ ಎದೆಯೊಳಗಿಂದ ಬಂದ ಕಫ ಎಂದು ನಂಬುತ್ತೇವೆ. ನೀವು ಕಳಿಸಿದ್ದು ಹೆಚ್ಚುಪಾಲು ಜೊಲ್ಲು. ಅಂಥ ಮಾದರಿಯನ್ನು ಲ್ಯಾಬಿನವರು ಕಲ್ಚರಿಗೆ ಹಾಕದೆ, ಇನ್ನೊಮ್ಮೆ ಕೊಡಿ ಎಂದು ವಾಪಸು ಕಳಿಸಬೇಕಿತ್ತು. ಮೇಲಾಗಿ ಆರಕ್ಕೆ ಹಿಡಿದ ಡಬ್ಬಿ ಹನ್ನೊಂದೂವರೆವರೆಗೆ ಬಸ್ಸಿನ ಸೆಕೆಯಲ್ಲಿ ಕೂತಿತ್ತು. ಸಾಧಾರಣ ಕಲ್ಚರಿನ ಕಫ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ತಡವಾದರೆ ನಾಜೂಕಿನ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಕ್ಲೆಬ್ಸಿಯೆಲ್ಲಾದಂಥ ಒರಟು ಜೀವಾಣುಗಳು ಡಬ್ಬಿಯೊಳಗೇ ಇಮ್ಮಡಿ ಮುಮ್ಮಡಿಯಾಗುತ್ತವೆ. ಇಷ್ಟೆಲ್ಲ ಆಗಿಯೂ ‘ಅಲ್ಪ ಬೆಳವಣಿಗೆ’ ಎಂದರೆ, ಆ ವರದಿಯನ್ನು ಆಧರಿಸಿ ಒಂದೇ ಒಂದು ಮಾತ್ರೆಯನ್ನೂ ಬರೆಯಲು ನನಗೆ ಮನಸ್ಸಾಗದು.

ಹಾಗಾದರೆ ಹಳದಿ ಕಫ ಎಲ್ಲಿಂದ? ಅದು ಸುಳ್ಳಲ್ಲವಲ್ಲ. ನನ್ನ ಅನುಭವದಲ್ಲಿ ಇಲ್ಲಿ ಜನ ಕಾಣದೇ ಹೋಗುವ ಸಂಗತಿ ಒಂದಿದೆ: ಟಿಬಿಯ ನಂತರ ಶ್ವಾಸನಾಳದಲ್ಲಿ ಯಾವ ಬ್ಯಾಕ್ಟೀರಿಯಾ ನೆಲೆಯೂರುತ್ತದೆ ಎಂಬುದನ್ನು ನಿರ್ಧರಿಸುವುದು ಮಾತ್ರೆಗಿಂತ ಹೆಚ್ಚಾಗಿ, ಟಿಬಿ ಆ ನಾಳವನ್ನು ಎಷ್ಟು ಹಾಳು ಮಾಡಿದೆ ಎಂಬುದು. ರೋಗ ಮಾಯುವಾಗ ಶ್ವಾಸಕೋಶದಲ್ಲಿ ಗಾಯದ ಗಂಟು ಕಟ್ಟಿ, ಅದು ಸುತ್ತಲಿನ ನಾಳಗಳನ್ನು ಎಳೆದು ಹಿಗ್ಗಿಸುತ್ತದೆ. ಹಿಗ್ಗಿದ ನಾಳದಲ್ಲಿ ರೋಮಗಳು ನಾಶವಾಗಿರುತ್ತವೆ, ಲೋಳೆ ಮೇಲೇರದೆ ಕೆರೆಯಂತೆ ನಿಲ್ಲುತ್ತದೆ. ಬಂದು ಹೋಗುತ್ತಿದ್ದ ನೆಂಟರು ಅಲ್ಲಿ ಹೋಗದೆ ಉಳಿದುಬಿಡುತ್ತಾರೆ. ಇದಕ್ಕೆ ಬ್ರಾಂಕಿಯೆಕ್ಟಾಸಿಸ್ ಎನ್ನುತ್ತೇವೆ. ಭಾರತದ ಸುಮಾರು 2,200 ಬ್ರಾಂಕಿಯೆಕ್ಟಾಸಿಸ್ ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನರಿಗೆ ಅದು ಬಂದದ್ದು ಹಳೆಯ ಟಿಬಿಯಿಂದ. ಅವರೆಲ್ಲರ ಕಫದಲ್ಲಿ ಅತಿ ಹೆಚ್ಚಾಗಿ ಸಿಕ್ಕ ಬ್ಯಾಕ್ಟೀರಿಯಾ ಸೂಡೊಮೊನಾಸ್. ಪೂರ್ತಿ ಮಾಯದೆ ಉಳಿದ ಪೊಳ್ಳು ಗುಳಿಯಲ್ಲಾದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆಯಬಹುದು, ಅದು ಬ್ಯಾಕ್ಟೀರಿಯಾವೇ ಅಲ್ಲ. ಇವುಗಳನ್ನು ಕರೆತಂದದ್ದು ಮಾತ್ರೆ ಎಂದು ದೂರುವುದೆಂದರೆ, ಸೂರು ಹಾರಿಹೋದ ಮನೆಗೆ ಮಳೆನೀರು ಬಂದದ್ದಕ್ಕೆ ಸೂರು ಕಟ್ಟಲು ಬಂದವನನ್ನು ಬೈದ ಹಾಗೆ. ಮಾತ್ರೆ ಬೇಗ ಶುರುವಾದಷ್ಟೂ ಈ ಹಾನಿ ಕಡಿಮೆ.

ಈಗ ನಿಮ್ಮ ಮುಂದಿರುವ ದಾರಿಗಳು. ಹತ್ತು ದಿನ ಟಿಬಿ ಮಾತ್ರೆ ನಿಲ್ಲಿಸುವುದರಿಂದ ಗಂಟಲಿನ ಬ್ಯಾಕ್ಟೀರಿಯಾಗಳಿಗೆ ಸಿಗುವ ಲಾಭ ಏನೂ ಇಲ್ಲವೆನ್ನುವಷ್ಟು ಕಡಿಮೆ. ಟಿಬಿ ಬ್ಯಾಕ್ಟೀರಿಯಾ ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ತೆಗೆದುಕೊಳ್ಳುವ ನಿಧಾನಿ; ಮಲಗಿದಂತೆ ಬಿದ್ದಿರುವ ಕೆಲವು ಕೊನೆಯವರೆಗೂ ಉಳಿದಿರುತ್ತವೆ, ಆರು ತಿಂಗಳ ಕೋರ್ಸ್ ಇರುವುದೇ ಅವುಗಳಿಗಾಗಿ. ನಾಲ್ಕನೇ ತಿಂಗಳಿನಲ್ಲಿ ಬಿಡುವು ಕೊಟ್ಟರೆ ಅದು ಅವುಗಳಿಗೆ ಕೊಟ್ಟ ಬಿಡುವು.

ಲಿವೊಫ್ಲಾಕ್ಸಾಸಿನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅಪಾಯ ನಿಜವಾಗಿ ಇರುವುದು ಅಲ್ಲೇ. ಈ ಔಷಧ ಕೆಮ್ಮಿನ ಸಾಮಾನ್ಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಟಿಬಿಯನ್ನೂ ಕೊಲ್ಲುತ್ತದೆ. ಟ್ರೂನಾಟ್ ಸಾಮಾನ್ಯವಾಗಿ ಹೇಳುವುದು ರಿಫಾಂಪಿಸಿನ್ ನಿರೋಧ ಇದೆಯೇ ಎಂಬುದನ್ನು ಮಾತ್ರ. ಐಸೊನಿಯಾಜಿಡ್ ನಿರೋಧ ತಿಳಿಯಲು ಎಲ್‌ಪಿಎ ಎಂಬ ಇನ್ನೊಂದು ಪರೀಕ್ಷೆ ದೊಡ್ಡ ಪ್ರಯೋಗಾಲಯದಲ್ಲಿ ಆಗಬೇಕು. ನಿಮ್ಮ ಯಜಮಾನರ ಟಿಬಿಗೆ ಆ ನಿರೋಧ ಇದ್ದು, ಈ ಹೊಸ ಕಫಕ್ಕೆ ಅದೇ ಕಾರಣವಾಗಿದ್ದರೆ — ತೂಕ ಏರಿರುವುದನ್ನೂ ಎರಡನೇ ತಿಂಗಳ ನೆಗೆಟಿವ್ ವರದಿಯನ್ನೂ ನೋಡಿದರೆ ಇದಕ್ಕೆ ಸಾಧ್ಯತೆ ಕಡಿಮೆ, ಆದರೂ ಇಲ್ಲವೆನ್ನಲಾಗದು — ಸೋಲುತ್ತಿರುವ ಚಿಕಿತ್ಸೆಗೆ ಒಂದೇ ಒಂದು ಹೊಸ ಔಷಧ ಸೇರಿಸಿದಂತಾಗುತ್ತದೆ. ಅದು ಟಿಬಿ ಚಿಕಿತ್ಸೆಯಲ್ಲಿ ಎಂದೂ ಮಾಡಬಾರದ ಕೆಲಸ. ಐಸೊನಿಯಾಜಿಡ್ ನಿರೋಧಕ್ಕೆ ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕೊಡುವ ಚಿಕಿತ್ಸೆಯ ಮುಖ್ಯ ಔಷಧ ಲಿವೊಫ್ಲಾಕ್ಸಾಸಿನ್ನೇ, 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅನುಮೋದಿಸಿದ ನಿರೋಧಕ ಟಿಬಿಯ ಆರು ತಿಂಗಳ ಚಿಕಿತ್ಸೆಯಲ್ಲಿ ಇರುವುದು ಅದರ ತಮ್ಮನಾದ ಮಾಕ್ಸಿಫ್ಲಾಕ್ಸಾಸಿನ್. ಕೆಮ್ಮಿಗೆಂದು ಹತ್ತು ದಿನ ನುಂಗಿ, ನಿರೋಧ ಬೆಳೆದು ಆ ಎರಡನ್ನೂ ಕಳೆದುಕೊಳ್ಳುವಂತಾಗಬಾರದು.

ನಾನೂ ಈ ತಪ್ಪು ಮಾಡಿದ್ದೇನೆ. ವೃತ್ತಿಯ ಎರಡನೇ ವರ್ಷ, ಮೂರು ವಾರದ ಕೆಮ್ಮಿನ ಒಬ್ಬ ಲಾರಿ ಚಾಲಕರಿಗೆ ಎಕ್ಸ್-ರೇ ನೋಡಿ ನ್ಯುಮೋನಿಯಾ ಎಂದುಕೊಂಡು, ಕಫ ಪರೀಕ್ಷೆಗೂ ಕಳಿಸದೆ ಇದೇ ಗುಂಪಿನ ಮಾತ್ರೆ ಕೊಟ್ಟೆ. ವಾರದಲ್ಲಿ ಜ್ವರ ಇಳಿಯಿತು, ಅವರು ಹಣ್ಣಿನ ಬುಟ್ಟಿಯೊಂದಿಗೆ ಬಂದು ಹೋದರು. ಎರಡೂವರೆ ತಿಂಗಳ ನಂತರ ರಕ್ತ ಉಗುಳುತ್ತ ಬಂದಾಗ ಟಿಬಿ ಪಕ್ಕದ ಭಾಗಕ್ಕೂ ಹರಡಿತ್ತು. ಮಾತ್ರೆ ಅರ್ಧ ಕೆಲಸ ಮಾಡಿ ರೋಗವನ್ನು ನನ್ನ ಕಣ್ಣಿನಿಂದ ಮರೆಮಾಡಿತ್ತು.

ಕ್ಲೆಬ್ಸಿಯೆಲ್ಲಾ ಸೋಂಕೇ ನಿಜವೆಂದು ಮುಂದೆ ಖಚಿತವಾದರೆ ಟಿಬಿಗೆ ಸಂಬಂಧವಿಲ್ಲದ ಬೇರೆ ಔಷಧಗಳಿವೆ. ಆ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆಂದು ಹೇಳುವ ಸೂಕ್ಷ್ಮತೆಯ ವರದಿ ನೋಡಿ ವೈದ್ಯರು ಆರಿಸುತ್ತಾರೆ. ಸಾದಾ ಅಮಾಕ್ಸಿಸಿಲಿನ್ ಅದಕ್ಕೆ ಹುಟ್ಟಿನಿಂದಲೇ ನಾಟುವುದಿಲ್ಲ. ಕ್ಲಾವುಲನಿಕ್ ಆಮ್ಲ ಸೇರಿದ ಅಮಾಕ್ಸಿಸಿಲಿನ್ ಒಮ್ಮೊಮ್ಮೆ ಯಕೃತ್ತಿಗೆ ತೊಂದರೆ ಕೊಡುತ್ತದೆ. ಟಿಬಿ ಮಾತ್ರೆಯೂ ಅದೇ ಸ್ವಭಾವದ್ದಾದ್ದರಿಂದ, ಕಣ್ಣು ಹಳದಿಯಾದರೆ ಯಾವುದರಿಂದ ಎಂದು ತಿಳಿಯದೆ ಎರಡನ್ನೂ ನಿಲ್ಲಿಸಬೇಕಾದ ಇಕ್ಕಟ್ಟು ಬರುತ್ತದೆ. ಇನ್ನು ಆಸ್ಪರ್ಜಿಲಸ್ಸಿಗೆ ಕೊಡುವ ಇಟ್ರಾಕೊನಜೋಲ್ ರಿಫಾಂಪಿಸಿನ್ ಇರುವಾಗ ರಕ್ತದಲ್ಲಿ ನಿಲ್ಲುವುದೇ ಇಲ್ಲ.

ಪ್ರೊಬಯಾಟಿಕ್ ಕ್ಯಾಪ್ಸೂಲಿನ ಬ್ಯಾಕ್ಟೀರಿಯಾ ಹೋಗುವುದು ಹೊಟ್ಟೆಗೆ, ಎದೆಗಲ್ಲ. ಟಿಬಿ ಚಿಕಿತ್ಸೆ ಕರುಳಿನ ಬ್ಯಾಕ್ಟೀರಿಯಾಗಳನ್ನು ಗಣನೀಯವಾಗಿ ಬದಲಿಸುತ್ತದೆಂಬುದು ನಿಜ. ಹೈಟಿ ದೇಶದ ರೋಗಿಗಳಲ್ಲಿ ಚಿಕಿತ್ಸೆ ಮುಗಿದು ಒಂದು ವರ್ಷ ಕಳೆದ ಮೇಲೂ ಆ ಬದಲಾವಣೆಯ ಗುರುತುಗಳು ಉಳಿದಿದ್ದುದನ್ನು 2017ರ ಒಂದು ಅಧ್ಯಯನ ತೋರಿಸಿತು. ಅದನ್ನು ಕ್ಯಾಪ್ಸೂಲಿನಿಂದ ಸರಿಪಡಿಸಬಹುದು ಎಂಬುದಕ್ಕೆ ಆಧಾರವಿಲ್ಲ, ಹಳದಿ ಕಫಕ್ಕಂತೂ ಅದು ಮದ್ದೇ ಅಲ್ಲ. ಆ ಹಣಕ್ಕೆ ಮೊಟ್ಟೆ, ಬೇಳೆ, ಶೇಂಗಾ ತನ್ನಿ. ಮಜ್ಜಿಗೆ ಮೊಸರು ಹೇಗೂ ಮನೆಯಲ್ಲಿರುತ್ತದೆ. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ ಪೋಷಣ್ ಯೋಜನೆಯ ತಿಂಗಳ ಸಾವಿರ ರೂಪಾಯಿ ಖಾತೆಗೆ ಬರುತ್ತಿದೆಯೇ ಎಂದು ಪಾಸ್‌ಬುಕ್ ನೋಡಿಕೊಳ್ಳಿ.

ನಾನಾಗಿದ್ದರೆ ಮಾಡುತ್ತಿದ್ದುದು ಇಷ್ಟು. ನಾಳೆಯೇ ತಾಲ್ಲೂಕು ಆಸ್ಪತ್ರೆಯ ಟಿಬಿ ವಿಭಾಗಕ್ಕೆ ಹೋಗಿ ಹೊಸ ಕಫದ ವಿಷಯ ಹೇಳಿ, ಸೂಕ್ಷ್ಮದರ್ಶಕದ ಟಿಬಿ ಪರೀಕ್ಷೆ ಮತ್ತು ಟಿಬಿ ಕಲ್ಚರ್ ಮಾಡಿಸಲು ಕೇಳಿ. ಆರಂಭದಲ್ಲಿ ಎಲ್‌ಪಿಎ ಆಗಿತ್ತೇ ಎಂದೂ ವಿಚಾರಿಸಿ. ಟ್ರೂನಾಟ್ ಅನ್ನೇ ಮತ್ತೆ ಮಾಡಿಸಿದರೆ ಅದು ಸತ್ತ ಬ್ಯಾಕ್ಟೀರಿಯಾದ ಡಿಎನ್ಎಯನ್ನೂ ಪಾಸಿಟಿವ್ ಎಂದು ತೋರಿಸಿ ನಿಮ್ಮನ್ನು ಸುಮ್ಮನೆ ಗಾಬರಿಗೊಳಿಸಬಹುದು. ಎದೆಯ ಎಕ್ಸ್-ರೇಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು. ಸಾಧಾರಣ ಕಲ್ಚರನ್ನು ಮತ್ತೆ ಮಾಡಿಸುವುದಾದರೆ ಕಫ ಹಿಡಿಯುವ ಕ್ರಮ ಬದಲಾಗಲಿ: ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಮನೆಯವರಿಂದ ದೂರ ಬಯಲಿನಲ್ಲಿ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಹೊಟ್ಟೆಯಾಳದಿಂದ ಕೆಮ್ಮಿದಾಗ ಬರುವ ಗಟ್ಟಿ ಕಫವನ್ನೇ ಡಬ್ಬಿಗೆ ಹಾಕಬೇಕು. ಸಾಧ್ಯವಾದರೆ ಲ್ಯಾಬಿನ ಅಂಗಳದಲ್ಲೇ ಕೊಡಲಿ.

ಟಿಬಿ ಮರುಕಳಿಸಿಲ್ಲ ಎಂದಾದರೆ ಈ ಕಫಕ್ಕೆ ಬೇಕಿರುವುದು ಬಹುಪಾಲು ಔಷಧವಲ್ಲ, ಅದನ್ನು ಹೊರತೆಗೆಯುವ ಅಭ್ಯಾಸ. ಬೆಳಿಗ್ಗೆ ಬಿಸಿನೀರು ಕುಡಿದು, ರೋಗವಿದ್ದ ಭಾಗ ಮೇಲಾಗುವಂತೆ ಹತ್ತು ನಿಮಿಷ ಒರಗಿ ಮಲಗಿ, ಉದ್ದ ಉಸಿರು ಬಿಟ್ಟು ಹಾ ಎಂದು ಕೆಮ್ಮುವುದನ್ನು ಫಿಸಿಯೊಥೆರಪಿಯವರಿಂದ ಒಮ್ಮೆ ಕಲಿತರೆ ಸಾಕು. ಬೀಡಿ ಇದ್ದರೆ ಬಿಡಲೇಬೇಕು. ರೀಲಿಂಗ್ ಘಟಕದ ಬಾಣಲೆಗಳ ಹಬೆ, ಒಲೆಯ ಹೊಗೆಯ ನಡುವೆ ಇಡೀ ದಿನ ನಿಲ್ಲುವ ಕೆಲಸವನ್ನು ಮಾಲೀಕರೊಂದಿಗೆ ಮಾತನಾಡಿ ಕೆಲಕಾಲವಾದರೂ ಬದಲಿಸಿಕೊಳ್ಳಲಿ. ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ, ತೂಕ ಇಳಿಯತೊಡಗಿದರೆ ಅಥವಾ ಉಸಿರು ಕಟ್ಟಿದರೆ ವರದಿಗಳಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಬನ್ನಿ.

ಆರು ತಿಂಗಳ ಕೋರ್ಸ್ ಮುಗಿದ ದಿನ ಒಂದು ಎಕ್ಸ್-ರೇ ತೆಗೆಸಿ, ಹಿಂಬದಿಯಲ್ಲಿ ದಿನಾಂಕ ಬರೆದು, ಮೊದಲನೆಯದರ ಜೊತೆ ಒಂದೇ ಕವರಿನಲ್ಲಿ ಇಡಿ. ಐದಾರು ವರ್ಷದ ನಂತರ ಕೆಮ್ಮು ಬಂದಾಗ ಎದೆಯಲ್ಲಿ ಕಾಣುವ ಕಲೆ ಹೊಸದೋ ಹಳೆಯದೋ ಎಂಬ ಪ್ರಶ್ನೆಗೆ ಯಾವ ಕಲ್ಚರಿಗಿಂತಲೂ ಚೆನ್ನಾಗಿ ಉತ್ತರ ಕೊಡುವುದು ಆ ಕವರು.